ಬೋಳನಾಯಕನ ಕೆರೆ

ಚಳ್ಳಕೆರೆ ಕಡೆಯಿಂದ ಬರುವ ಬಸ್ಸು ಕಡಗಲ್ಲಿನ ಕೈಮರದ ಹತ್ತಿರ ನಿಂತಾಗ ಎಡಕ್ಕೆ ಕಣ್ಣು ಹಾಯಿಸಿದರೆ ಮೊದಲು ಕಾಣುವುದು ಕೆರೆಯ ಏರಿ. ನೀರು ಆಮೇಲೆ ಕಾಣುತ್ತದೆ, ಅದೂ ಇದ್ದರೆ. ಏರಿಯ ಉದ್ದ ಸಾವಿರದ ನೂರಾ ಹದಿನಾಲ್ಕು ಹೆಜ್ಜೆ. ಮೂವತ್ತೊಂದು ವರ್ಷ ಅಂಚೆ ಚೀಲ ಹೆಗಲಿಗೆ ಹಾಕಿಕೊಂಡು ಇದೇ ಏರಿಯ ಮೇಲೆ ದಿನಕ್ಕೆರಡು ಸಲ ನಡೆದವನು ನಾನು, ಆದ್ದರಿಂದ ಈ ವಿಷಯದಲ್ಲಿ ಯಾರೂ ನನ್ನ ಜೊತೆ ವಾದಕ್ಕೆ ಬರಬೇಕಾಗಿಲ್ಲ. ಏರಿಯ ನಡುಮಧ್ಯದಲ್ಲಿ, ತೂಬಿನಿಂದ ನಾಲ್ಕು ಮಾರು ಈಚೆಗೆ, ಎದುರುಬದುರಾಗಿ ಎರಡು ಕಲ್ಲುಗಳಿವೆ. ಎರಡರ ಎತ್ತರವೂ ಒಂದೇ. ಎರಡರ ನೆತ್ತಿಯೂ ಜನ ಕೂತು ಕೂತು ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ಮೂಡಣ ತುದಿಯಲ್ಲಿ ಒಂದು ಶಾಸನವಿದೆ. ಅದರಲ್ಲಿ ‘ಕೆಂಚಸಮುದ್ರ’ ಎಂದು ಕೆತ್ತಿದೆ, ಸರ್ಕಾರದ ಕಡತಗಳಲ್ಲೂ ಅದೇ ಹೆಸರು. ಆದರೆ ಆ ಹೆಸರಿಗೆ ಸರ್ಕಾರಿ ಲಕೋಟೆ ಬಿಟ್ಟರೆ ಒಂದೇ ಒಂದು ಮನೆಯ ಕಾಗದ ಬಂದದ್ದನ್ನು ನಾನು ಕಾಣೆ. ಮಗಳು ತಾಯಿಗೆ ಬರೆದರೂ, ಬೀಗರು ಬೀಗರಿಗೆ ಬರೆದರೂ, ವಿಳಾಸ ಬೋಳನಾಯಕನ ಕೆರೆ.

ಈ ಏರಿಯ ಮೇಲೆ ಯಾರೂ ತಲೆಗೆ ಏನನ್ನೂ ಸುತ್ತಿಕೊಂಡು ನಡೆಯುವುದಿಲ್ಲ. ಪೇಟ, ಟೋಪಿ, ಟವಲು, ಏನಿದ್ದರೂ ಕೈಮರದ ಹತ್ತಿರವೇ ತೆಗೆದು ಕಂಕುಳಿಗೆ ಇಟ್ಟುಕೊಳ್ಳಬೇಕು. ಈಗಿನ ಹುಡುಗರು ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಬೈಕು ದಾಟಿಸುತ್ತಾರೆ. ತಲೆಹೊರೆಗೆ ಮಾತ್ರ ರಿಯಾಯಿತಿ. ಹುಲ್ಲಿನ ಹೊರೆ, ಮಣ್ಣಿನ ಪುಟ್ಟಿ, ನೀರಿನ ಕೊಡ ಹೊತ್ತವರನ್ನು ಯಾರೂ ತಡೆಯುವುದಿಲ್ಲ. ನೋಡಲು ಬಂದವರು ಫೋಟೋ ತೆಗೆದುಕೊಂಡು, ನಾಯಕನಿಗೆ ತಲೆಯಲ್ಲಿ ಏನಾದರೂ ರೋಗವಿತ್ತೇ ಎಂದು ನನ್ನನ್ನು ಕೇಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ರೋಗವೂ ಇರಲಿಲ್ಲ, ರುಜಿನವೂ ಇರಲಿಲ್ಲ. ಈ ಕಥೆಯನ್ನು ನನಗೆ ಹೇಳಿದವಳು ಹಡಪದ ಮನೆತನದ ಬಸಲಿಂಗಜ್ಜಿ. ಹಡಪದವರೆಂದರೆ ಕಡಗಲ್ಲಿನ ನಾಯಕರಿಗೆ ತಲೆತಲಾಂತರದಿಂದ ಕ್ಷೌರ ಮಾಡುತ್ತಿದ್ದವರು. ನಾನು ಅವಳ ಮೊಮ್ಮಗನ ಕಾಗದ ಓದಿ ಹೇಳುವುದು, ಅವಳು ಮಜ್ಜಿಗೆ ಕೊಟ್ಟು ಒಂದು ತುಂಡು ಕಥೆ ಹೇಳುವುದು, ಹೀಗೆ ಎರಡು ಬೇಸಿಗೆ ಕಳೆದವು. ಅಂಥ ಮಜ್ಜಿಗೆಯೂ ಈಗಿಲ್ಲ, ಅಂಥ ಬಾಯಿಯೂ ಈಗಿಲ್ಲ.

ಹಿಂದೆ ಒಮ್ಮೆ ಕಡಗಲ್ಲು ಒಂದು ಪುಟ್ಟ ಪಾಳೆಯಪಟ್ಟಾಗಿತ್ತು. ಎಲ್ಲ ಕಡೆಯ ಹಾಗೆ ಇಲ್ಲಿ ಅಪ್ಪನ ಪಟ್ಟ ಮಗನಿಗೆ ಎಂಬ ಕಟ್ಟಳೆ ಇರಲಿಲ್ಲ. ಏಳು ಹಳ್ಳಿ, ಏಳು ದೊಡ್ಡಮನೆ; ಆ ಏಳು ಮನೆಯ ಯಜಮಾನರು ಹುಣಸೆಮರದ ಕೆಳಗೆ ಕೂತು ನಾಯಕನ ಕುಲದವರಲ್ಲಿ ಯಾರನ್ನು ಆರಿಸುತ್ತಾರೋ ಅವನೇ ದೊರೆ. ಕೇಳಲಿಕ್ಕೆ ಬಲು ಚೆಂದ. ಆದರೆ ಏಳು ಯಜಮಾನರು ಒಂದು ಮಾತಿಗೆ ಬರುವುದುಂಟೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೇಗೋ ಆರಿಸಿದ ಮೇಲೆ ಅವನ ಉದ್ದ ಕೂದಲನ್ನು ನೆತ್ತಿಯ ಮೇಲೆ ಒಂದು ಕಬ್ಬಿಣದ ಬಳೆಯೊಳಗೆ ತೂರಿಸಿ ಗಂಟು ಹಾಕುತ್ತಿದ್ದರು. ಅದನ್ನು ಮುಡಿಬಳೆ ಎನ್ನುತ್ತಾರೆ. ಅದರ ಮೇಲೆ ಪೇಟ. ಸಿಂಹಾಸನ ಗಿಂಹಾಸನ ಯಾವುದೂ ಇಲ್ಲಿ ಇರಲಿಲ್ಲ. ಮುಡಿಬಳೆ ಯಾರ ಕೂದಲಲ್ಲಿದೆಯೋ ಅವನು ನಾಯಕ, ಅಷ್ಟೇ. ಕೂದಲಿಲ್ಲದವನು ಎಂಥ ಶೂರನಾದರೂ ನಾಯಕನಾಗುವಂತಿರಲಿಲ್ಲ.

ಇದಕ್ಕೆ ಅಂಟಿಕೊಂಡು ಒಂದು ಕಟ್ಟಳೆಯಿತ್ತು. ಹೆಣದ ತಲೆಯಿಂದ ಮುಡಿಬಳೆಯನ್ನು ತೆಗೆಯುವಂತಿಲ್ಲ. ನಾಯಕನಿಗೆ ಇನ್ನೂ ಉಸಿರಿರುವಾಗಲೇ ಹಡಪದವನು ಅವನ ಮುಡಿಯನ್ನು ಬೋಳಿಸಿ ಬಳೆಯನ್ನು ಈಚೆಗೆ ತರಬೇಕು, ಅದೇ ದಿನ ಹೊತ್ತು ಮುಳುಗುವುದರೊಳಗೆ ಏಳು ಮನೆಯವರು ಅದನ್ನು ಇನ್ನೊಬ್ಬನಿಗೆ ಕಟ್ಟಬೇಕು. ಕತ್ತಿ ಇಡುವ ಮುಂಚೆ ಉಸಿರು ನಿಂತರೆ ಬಳೆ ಹೆಣದ ಜೊತೆ ಚಿತೆಗೆ. ಇತ್ತ ಅವಸರಪಟ್ಟು ಕತ್ತಿ ಇಟ್ಟು, ದೊರೆ ಚೇತರಿಸಿಕೊಂಡರೆ ಹಡಪದವನ ಬಲಗೈ ಹೋಗುತ್ತದೆ. ಎಂಥ ಇಕ್ಕಟ್ಟು ನೋಡಿ. ಅದಕ್ಕಾಗಿ ಆ ಮನೆತನದವರು ಒಂದು ಕಂಚಿನ ಕನ್ನಡಿ ಇಟ್ಟುಕೊಂಡಿದ್ದರು. ಸಾಯುವವನ ಮೂಗಿನ ಕೆಳಗೆ ಹಿಡಿದರೆ ಅದರ ಮೇಲೆ ಉಸಿರಿನ ಮಂಜು ಕೂರುತ್ತದೆ. ಮಂಜು ಹುಣಸೆಬೀಜದಷ್ಟಿದ್ದರೆ ಕಾಯಬೇಕು, ಸಾಸಿವೆಯಷ್ಟಾದರೆ ಕತ್ತಿ ಎತ್ತಬೇಕು. ಇದು ಅಪ್ಪ ಮಗನಿಗೆ ಹೇಳಿಕೊಟ್ಟ ವಿದ್ಯೆ ಎನ್ನುತ್ತಾರೆ.

ಒಂದು ತಲೆಮಾರಿನಲ್ಲಿ ಇದು ತಪ್ಪಿತು. ಆಗಿನ ನಾಯಕ ಪ್ರಾಣ ಬಿಡುವಾಗ, ಉಂಡ ಮನೆಯ ಒಡೆಯನ ತಲೆಗೆ ಹೇಗೆ ಕತ್ತಿ ಇಡಲಿ ಎಂದು ಹಡಪದವನು ಕಣ್ಣೀರಿಡುತ್ತ ಒಂದು ಗಳಿಗೆ ತಡಮಾಡಿದ. ಉಸಿರು ನಿಂತಿತು, ಬಳೆ ಚಿತೆಗೆ ಹೋಯಿತು. ಬಳೆಯಿಲ್ಲದ ಮೇಲೆ ಕೇಳುವವರಾರು? ದಾಯಾದಿಗಳಿಬ್ಬರು ನಾನು ನಾಯಕ, ತಾನು ನಾಯಕ ಎಂದು ಒಂಬತ್ತು ವರ್ಷ ಹೊಡೆದಾಡಿದರು. ಕೊಯ್ಲಿಗೆ ಬಂದ ಜೋಳ ಸುಟ್ಟರು. ಎದುರಾಳಿಯ ಹೊಲಗಳಿಗೆ ನೀರು ಸಿಗಬಾರದೆಂದು ಒಬ್ಬ ಹಳೆಯ ಏರಿಯನ್ನೇ ಒಡೆಸಿದ. ಕೊನೆಗೆ ಇಬ್ಬರೂ ಸತ್ತರು, ಕೆಟ್ಟ ಮೇಲೆ ಯಜಮಾನರಿಗೆ ಬುದ್ಧಿ ಬಂತು. ಏಳು ಮನೆಯಿಂದ ಏಳು ಕುಡುಗೋಲು ತಂದು ಕರಗಿಸಿ ಹೊಸ ಮುಡಿಬಳೆ ಮಾಡಿಸಿದರು, ಕುಲದವರಲ್ಲೇ ಯಾವ ಪಕ್ಷಕ್ಕೂ ಸೇರದಿದ್ದ ಸಿರುಮಪ್ಪನೆಂಬವನನ್ನು ಹುಡುಕಿಕೊಂಡು ಹೋದರು. ಐವತ್ತು ದಾಟಿದ ಆಸಾಮಿ, ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ. ನನಗೆ ಬೇಡ ಎಂದ. ಒಪ್ಪದಿದ್ದರೆ ಈ ಹೊಲದಲ್ಲೇ ನಿನ್ನ ಹೆಣ ಎಂದು ಹಿರಿಯ ಯಜಮಾನ ಕತ್ತಿ ಹಿರಿದನಂತೆ. ಕತ್ತಿಯ ಮೊನೆಗೆ ಹೆದರಿ ದೊರೆಯಾದವನನ್ನು ನೀವು ಇನ್ನೆಲ್ಲಾದರೂ ಕಂಡಿದ್ದರೆ ನನಗೆ ತಿಳಿಸಿ. ಸಿರುಮಪ್ಪ ಒಂದೇ ಷರತ್ತು ಹಾಕಿದ. ಒಡೆದ ಏರಿಯನ್ನು ತಿರುಗಿ ಕಟ್ಟಬೇಕು, ಏಳು ಹಳ್ಳಿಯಿಂದಲೂ ಮನೆಗೊಂದಾಳು ಬರಬೇಕು.

ಹನ್ನೊಂದು ವರ್ಷ ಅವನು ಆಳಿದ. ಬಸಲಿಂಗಜ್ಜಿ ಆ ಹನ್ನೊಂದು ವರ್ಷದ ಮಾತು ತೆಗೆದರೆ ತಾನೇ ಕಂಡವಳ ಹಾಗೆ ನಿಟ್ಟುಸಿರು ಬಿಡುತ್ತಿದ್ದಳು. ಬಾಗಿಲಿಗೆ ಅಗಳಿ ಹಾಕದೆ ಮಲಗಿದ ಕಾಲ, ಹಳೆಯ ವೈರಿಗಳ ಮಕ್ಕಳು ಒಂದೇ ಪುಟ್ಟಿಯ ಎರಡು ಕಿವಿ ಹಿಡಿದು ಮಣ್ಣು ಹೊತ್ತ ಕಾಲ ಎನ್ನುತ್ತಿದ್ದಳು. ಏರಿ ಎರಡು ಕಡೆಯಿಂದಲೂ ಬೆಳೆದು ಬಂತು. ಉಳಿದದ್ದು ನಡುವಿನ ನಲವತ್ತು ಮಾರಿನ ಕಂಡಿ ಒಂದೇ. ಬೇಡ ಬೇಡ ಎಂದಿದ್ದ ಸಿರುಮಪ್ಪನಿಗೆ ಅಷ್ಟರಲ್ಲಿ ನಾಯಕತನ ರುಚಿ ಹತ್ತಿತ್ತು, ಮುಚ್ಚಿಡುವುದೇಕೆ? ಬೆಳಿಗ್ಗೆ ಪೇಟ ಸುತ್ತುವಾಗ ಬಳೆಯ ಮೇಲೆ ಒಮ್ಮೆ ಕೈಯಾಡಿಸದೆ ಅವನು ಹೊರಗೆ ಹೊರಡುತ್ತಿರಲಿಲ್ಲ. ಏರಿ ಮುಗಿದ ದಿನ ಆ ಬಳೆ ತೊಟ್ಟೇ ಮೊದಲ ನೀರು ನೋಡಬೇಕೆಂಬುದು ಅವನ ಆಸೆಯಾಗಿತ್ತು.

ಹನ್ನೊಂದನೆಯ ಬೇಸಿಗೆಯಲ್ಲಿ ಅವನಿಗೆ ಜ್ವರ ಬಂತು. ಏಳನೆಯ ದಿನ ಮೈ ಕಲ್ಲಾಯಿತು, ಕಣ್ಣು ಮೇಲೆ ಹೋಯಿತು. ಯಜಮಾನರು ಬಂದು ಪಡಸಾಲೆಯಲ್ಲಿ ಕೂತರು. ಆಗಿನ ಹಡಪದವನು ಸಂಗಯ್ಯ, ಹಿಂದೆ ತಡಮಾಡಿ ಬಳೆ ಸುಟ್ಟವನ ಮಗ. ಅಪ್ಪ ಆ ನಾಚಿಕೆಯಲ್ಲೇ ಅನ್ನ ಬಿಟ್ಟು ಸತ್ತದ್ದನ್ನು ಕಣ್ಣಾರೆ ಕಂಡವನು. ನಡುಮಧ್ಯಾಹ್ನ ಒಳಗಿಂದ ಕರೆ ಬಂದಾಗ, ಅಂಗಳದ ಜಗಲಿಯ ಮೇಲೆ ಬಿಸಿಲಲ್ಲಿ ಇಟ್ಟಿದ್ದ ತನ್ನ ಚೀಲದಿಂದ ಕನ್ನಡಿ ತೆಗೆದುಕೊಂಡು ಓಡಿದ, ದೊರೆಯ ಮೂಗಿನ ಕೆಳಗೆ ಹಿಡಿದ. ಮಂಜು ಸಾಸಿವೆಯಷ್ಟು ಕೂತು ಮಾಯವಾಯಿತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಆ ಕಂಚು ಕಾದ ಹೆಂಚಾಗಿತ್ತು, ಕಾದ ಕಂಚಿನ ಮೇಲೆ ಯಾರ ಉಸಿರೂ ನಿಲ್ಲುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಅಪ್ಪನ ಮುಖ ಒಂದೇ ಕಣ್ಣ ಮುಂದಿತ್ತು. ಅಯ್ಯೋ, ಮತ್ತೆ ತಡವಾಗುತ್ತದೆ ಎಂದುಕೊಂಡು ಸರಸರನೆ ಮುಡಿ ತೆಗೆದು ಬಳೆಯನ್ನು ಯಜಮಾನರ ಕೈಗೆ ಕೊಟ್ಟ.

ಹೊತ್ತು ಮುಳುಗುವ ಮುಂಚೆ ಅವರು ಅದನ್ನು ಕೆಂಚನಾಯಕನಿಗೆ ಕಟ್ಟಿದರು. ಇವನು ಬಳೆಯೊಡನೆ ಸುಟ್ಟುಹೋದ ಆ ಹಿಂದಿನ ನಾಯಕನ ಕಿರಿಮಗ, ಇಪ್ಪತ್ತೆಂಟರ ತರುಣ. ತನಗೆ ಬರಬೇಕಾದದ್ದು ಎಂದಾದರೂ ಬಂದೀತೆಂದು ಹಲ್ಲುಕಚ್ಚಿ ಕಾದಿದ್ದವನು. ಅತ್ತ ಅವನು ಪೇಟ ಸುತ್ತುತ್ತಿದ್ದ ಹಾಗೆಯೇ ಇತ್ತ ಸಿರುಮಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಮೂರನೆಯ ದಿನ ಅವನು ಕಣ್ಣುಬಿಟ್ಟು ಗಂಜಿ ಕೇಳಿದ, ಎರಡು ಗುಟುಕು ಕುಡಿದ. ಆಮೇಲೆ ಅಭ್ಯಾಸಬಲದಿಂದ ಕೈ ನೆತ್ತಿಗೆ ಹೋಯಿತು. ಅಲ್ಲೇ ನಿಂತಿತು. ಅವನ ಹೆಂಡತಿ ನುಂಕವ್ವ ಬಟ್ಟಲು ಹಿಡಿದು ಎದುರಿಗೆ ಕೂತಿದ್ದಳು. ಅವನು ಬಹಳ ಹೊತ್ತು ತಲೆ ಸವರಿಕೊಂಡು ಕೇಳಿದ್ದು ಒಂದೇ ಮಾತು: “ಯಾರಿಗೆ ಕಟ್ಟಿದರು?”

ಊರು ಅರ್ಧಕ್ಕರ್ಧ ಸೀಳಿತು. ಸಿರುಮಪ್ಪನ ಕಡೆ ನಾಲ್ಕು ಮನೆ, ಕೆಂಚನಾಯಕನ ಕಡೆ ಮೂರು. ಕೆಂಚನ ಕಡೆಯವರು, ಮುಡಿ ತೆಗೆದ ಮೇಲೆ ಈ ಮುದುಕ ಸತ್ತೇ ಹೋಗಿದ್ದ, ಈಗ ಎದ್ದಿರುವವನು ಹೊಸದಾಗಿ ಹುಟ್ಟಿದವನು, ಅವನಿಗೂ ಹಳೆಯ ಪಟ್ಟಕ್ಕೂ ಸಂಬಂಧವಿಲ್ಲ ಎಂದರು. ನಾಚಿಕೆ ಬಿಟ್ಟವರ ನಾಲಿಗೆಗೆ ಎಲುಬಿಲ್ಲ. ಸಿರುಮಪ್ಪನ ಕಡೆಯವರದು ಬೇರೆ ಲೆಕ್ಕಾಚಾರ. ಸಂಗಯ್ಯ ತಪ್ಪು ಮಾಡಿದ್ದಾನೆ, ಅವನ ಕೈ ಕಡಿಯಿರಿ ಎಂದು ಪಟ್ಟು ಹಿಡಿದರು. ಕೈ ಕಡಿದರೆ ಮುಡಿ ತೆಗೆದದ್ದು ತಪ್ಪೆಂದಾಯಿತು. ತೆಗೆದದ್ದು ತಪ್ಪಾದರೆ ಕಟ್ಟಿದ್ದೂ ತಪ್ಪಾಯಿತು. ಬಳೆ ತಾನಾಗಿ ಹಿಂದಕ್ಕೆ ಬರುತ್ತದೆ. ಕೂದಲೇನು, ಒಂದು ವರ್ಷದಲ್ಲಿ ಬೆಳೆಯುತ್ತದೆ, ಅಲ್ಲಿಯವರೆಗೆ ಗುಡ್ಡದ ಮೇಲೆ ನಾಲ್ಕು ಮನೆಯ ಆಳುಗಳ ಕಾವಲಿನಲ್ಲಿರು ಎಂದು ಸಿರುಮಪ್ಪನ ಕಿವಿಯಲ್ಲಿ ಊದಿದರು. ನುಂಕವ್ವನೂ ಅದನ್ನೇ ಹೇಳಿದಳು. ನಿನ್ನ ಕಂಡಿ ಮುಚ್ಚುವವರೆಗಾದರೂ ನೀನು ಇರಬೇಡವೇ, ಆ ಹುಡುಗನಿಗೆ ಏರಿಯ ಚಿಂತೆ ಇದೆಯೇ ಎಂದು ಅವಳು ಕೇಳಿದಳು. ಅವನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಬಳೆ ಅವನಿಗೆ ಬೇಕಿತ್ತು. ಬೇಡವಾಗಿತ್ತು ಎಂದು ಹೇಳಿ ಅವನನ್ನು ದೇವರ ಪಟ ಮಾಡುವವರನ್ನು ಕಂಡರೆ ನನಗಾಗದು. ಬೇಕಿದ್ದದ್ದನ್ನು ಬಿಟ್ಟವನ ಕಥೆ ಇದು.

ಮುಡಿ ತೆಗೆದ ಎಂಟನೆಯ ದಿನ ಬೆಳಿಗ್ಗೆ ಏಳು ಮನೆಯವರೂ ಅರೆಕಟ್ಟಿದ ಏರಿಯ ಮೇಲೆ ನ್ಯಾಯ ಸೇರಿಸಿದರು. ಒಂದು ಕಡೆ ಕೆಂಚನಾಯಕ ಬಿಳಿಯ ಪೇಟ ಸುತ್ತಿ ಕತ್ತಿಯವರೊಡನೆ ನಿಂತಿದ್ದ. ಇನ್ನೊಂದು ಕಡೆ ನಾಲ್ಕು ಮನೆಯವರು, ಅವರ ಕೈಯಲ್ಲೂ ಕತ್ತಿ. ನಡುವೆ ಸಂಗಯ್ಯ ಬಲಗೈಯನ್ನು ಮುಂದೆ ಚಾಚಿಕೊಂಡೇ ಬಂದು ನಿಂತ. ಕನ್ನಡಿ ಕಾದಿತ್ತು, ತಪ್ಪು ನನ್ನದು ಎಂದು ತಾನೇ ಹೇಳಿಬಿಟ್ಟ. ಪಾಪ, ಸುಳ್ಳು ಹೇಳಲಿಕ್ಕೂ ಬರದ ಮನುಷ್ಯ. ಸಿರುಮಪ್ಪ ಕೋಲೂರಿಕೊಂಡು ಬಂದ. ಬರಿಯ ತಲೆ, ಎಂಟು ದಿನದ ಕೂಳೆ ಬಿಸಿಲಿಗೆ ಬೆಳ್ಳಗೆ ಮಿನುಗುತ್ತಿತ್ತು. ಹಿರಿಯ ಯಜಮಾನ ಅವನನ್ನು ಕೇಳಿದ: ಈತನ ಕತ್ತಿ ನಿನ್ನ ತಲೆಗೆ ಬಿದ್ದದ್ದು ಸರಿಯೋ ತಪ್ಪೋ, ನೀನೇ ಹೇಳು. ತಪ್ಪು ಎಂಬ ಒಂದು ಮಾತು ಸಾಕಿತ್ತು. ನಾಲ್ಕು ಮನೆಯವರು ಬಂದದ್ದೇ ಅದಕ್ಕಾಗಿ.

ಸಿರುಮಪ್ಪ ಆ ಕಡೆ ಈ ಕಡೆ ನೋಡಿದ. ಕತ್ತಿಗಳನ್ನು ನೋಡಿದ, ನಡುವಿನ ನಲವತ್ತು ಮಾರಿನ ಕಂಡಿಯನ್ನು ನೋಡಿದ. ಆಮೇಲೆ ಏರಿಗೆ ಹೊದಿಸಲು ತಂದು ಹಾಕಿದ್ದ ಕಲ್ಲುಗಳಲ್ಲಿ ಒಂದರ ಮೇಲೆ ಕೂತ. ಎದುರಿನ ಕಲ್ಲನ್ನು ಕೋಲಿನಿಂದ ತೋರಿಸಿ ಸಂಗಯ್ಯನಿಗೆ ಕೂರಲು ಹೇಳಿದ. ದೊರೆಯ ಸಮಕ್ಕೆ ಹೇಗೆ ಕೂರಲಿ ಎಂದು ಅವನು ಹಿಂಜರಿದಾಗ, ನಿಂತರೆ ನಿನ್ನ ಕೈ ನಡುಗುತ್ತದೆ, ಕೂತುಕೋ ಎಂದು ಗದರಿದನಂತೆ. ಕೂತ ಮೇಲೆ ತಲೆ ಬಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಸಂಗಯ್ಯ, ಎಂಟು ದಿನ ಆಯಿತು, ತಲೆ ತುರಿಸುತ್ತಿದೆ. ಬೋಳಿಸು.”

ತಾನೇ ಕೇಳಿ ಬೋಳಿಸಿಕೊಳ್ಳುವವನ ತಲೆಗೆ ಮೊದಲು ಬಿದ್ದ ಕತ್ತಿಯನ್ನು ತಪ್ಪೆನ್ನುವುದು ಹೇಗೆ? ಸಂಗಯ್ಯನ ಕೈ ಉಳಿಯಿತು. ಕೆಂಚನಾಯಕನ ಬಳೆ ಉಳಿಯಿತು. ನಾಲ್ಕು ಮನೆಯವರು ಕತ್ತಿಯನ್ನು ಒರೆಗೆ ಹಾಕಿ, ಕೆಲವರು ಉಗುಳಿ, ಕೆಲವರು ಕಣ್ಣೊರೆಸಿಕೊಂಡು ಮನೆಗೆ ಹೋದರು. ಆದರೆ ಕೂದಲು ಒಂದು ದಿನ ಬೋಳಿಸಿದರೆ ಮುಗಿಯುವಂಥದಲ್ಲವಲ್ಲ. ವರ್ಷ ಕಳೆದರೆ ಮತ್ತೆ ಮುಡಿ, ಮುಡಿ ಬಂದರೆ ಮತ್ತೆ ಅದೇ ಪಿಸುಮಾತು. ಇದು ಸಿರುಮಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಎಂಟು ದಿನಕ್ಕೊಮ್ಮೆ, ಆಳುಗಳೆಲ್ಲ ಏರಿಯ ಮೇಲೆ ಸೇರಿದ ಮೇಲೆ, ಅವನು ಅದೇ ಕಲ್ಲಿನ ಮೇಲೆ ಬಂದು ಕೂರುತ್ತಿದ್ದ. ಎದುರಿನ ಕಲ್ಲಿನ ಮೇಲೆ ಸಂಗಯ್ಯ. ಬೋಳಿಸಿಕೊಂಡಾದ ಮೇಲೆ ಎಲ್ಲರ ಜೊತೆ ಮಣ್ಣು ಹೊರುತ್ತಿದ್ದ. ಕೆಂಚನಾಯಕ ಮೊದಮೊದಲು ಪ್ರತಿ ಎಂಟನೆಯ ದಿನವೂ ಒಬ್ಬನನ್ನು ಕಳಿಸಿ ತಲೆ ನೋಡಿಕೊಂಡು ಬರಹೇಳುತ್ತಿದ್ದ. ಬರಬರುತ್ತ ಅವನಿಗೇ ಅದು ಹೇಸಿಗೆಯಾಗಿ, ನೋಡಲು ಕಳಿಸುತ್ತಿದ್ದ ಒಬ್ಬನ ಬದಲು ಮಣ್ಣಿಗೆಂದು ನೂರಾಳು ಕಳಿಸಿದ.

ನುಂಕವ್ವ ಗಂಡನ ಜೊತೆ ಮಾತು ಬಿಟ್ಟಳು. ಮೂರು ತಿಂಗಳು ಬಿಟ್ಟಳು ಎನ್ನುತ್ತಾರೆ, ಬಸಲಿಂಗಜ್ಜಿ ಆರು ತಿಂಗಳು ಎನ್ನುತ್ತಿದ್ದಳು. ಹೆಂಗಸಿನ ಸಿಟ್ಟು ಹೆಂಗಸಿಗೇ ಗೊತ್ತು. ದಿನವೂ ಬುತ್ತಿ ತಂದು ಇಟ್ಟು, ಅವನ ತಲೆಯ ಕಡೆ ನೋಡದೆ ಹೋಗುತ್ತಿದ್ದಳು. ಒಂದು ದಿನ ನೋಡಿದಳು. ಪುಟ್ಟಿಯ ಅಂಚು ತಗಲಿ ಬೋಳು ನೆತ್ತಿಯಲ್ಲಿ ಗಾಯವಾಗಿತ್ತು. ಮರುದಿನ ಬುತ್ತಿಯ ಜೊತೆ ಒಂದು ಸಿಂಬೆಯೂ ಬಂತು. ತಾನು ನಾಯಕನ ಹೆಂಡತಿಯಾದ ದಿನ ಉಟ್ಟಿದ್ದ ರೇಷ್ಮೆ ಸೀರೆಯನ್ನು ಹರಿದು ಸುತ್ತಿದ ಸಿಂಬೆ. ಅದನ್ನು ಅವಳೇ ಅವನ ತಲೆಯ ಮೇಲೆ ಇಟ್ಟು, ಒಂದು ಪುಟ್ಟಿ ಮಣ್ಣನ್ನೂ ಅವಳೇ ಎತ್ತಿ ಹೊರಿಸಿದಳು. ಅಂದಿನಿಂದ ಇಬ್ಬರೂ ಹೊತ್ತರು.

ಎರಡು ವರ್ಷಕ್ಕೆ ಕಂಡಿ ಮುಚ್ಚಿತು. ಆ ವರ್ಷದ ಸ್ವಾತಿ ಮಳೆಗೆ ಮೊದಲ ನೀರು ಬಂದು ತೂಬಿನ ಕಲ್ಲನ್ನು ಮುಟ್ಟಿತು. ಬಳೆಯಿಲ್ಲದ ತಲೆಯಲ್ಲೇ ಸಿರುಮಪ್ಪ ಅದನ್ನು ನೋಡಿದ. ಬೇಸರವಾಯಿತೇ ಎಂದು ಸಂಗಯ್ಯ ಕೇಳಿದ್ದಕ್ಕೆ, ಆಯಿತು, ಆದರೆ ನೀರಿಗೆ ಗೊತ್ತಾಗಲಿಲ್ಲ ಎಂದು ನಕ್ಕನಂತೆ. ಕೆಂಚನಾಯಕ ಶಾಸನ ಹಾಕಿಸಿ ತನ್ನ ಹೆಸರು ಕೆತ್ತಿಸಿದ. ದೊರೆಗಳಿಗೆ ಅಷ್ಟೂ ಇರಬಾರದೇ? ಆದರೆ ನೀರಿಗೆ ಬಂದ ಹೆಂಗಸರು, ದನ ಮೈತೊಳೆಸುವವರು ಕಲ್ಲು ಓದುವವರಲ್ಲ. ಎಂಟು ದಿನಕ್ಕೊಮ್ಮೆ ಅಲ್ಲಿ ಕೂತು ತಲೆ ಬೋಳಿಸಿಕೊಳ್ಳುವ ನಾಯಕನನ್ನು ಅವರು ಕಂಡಿದ್ದರು. ಕೆರೆಗೆ ಅವರ ಬಾಯಲ್ಲಿ ಬೋಳನಾಯಕನ ಹೆಸರೇ ನಿಂತಿತು.

ಅದಾಗಿ ನಾಲ್ಕು ವರ್ಷದ ಮೇಲೆ ಒಂದು ಬೇಸಿಗೆಯ ಮಧ್ಯಾಹ್ನ, ಅದೇ ಕಲ್ಲಿನ ಮೇಲೆ ಕೂತಿದ್ದಾಗ, ಕತ್ತಿ ಇನ್ನೂ ಇಡುವ ಮುಂಚೆಯೇ ಅವನು ಒರಗಿದ. ನುಂಕವ್ವ ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಂಗಯ್ಯ ಕನ್ನಡಿ ತೆಗೆದ. ಈ ಸಲ ನೇರವಾಗಿ ಮೂಗಿನ ಕೆಳಗೆ ಹಿಡಿಯಲಿಲ್ಲ. ಏರಿ ಇಳಿದು ಹೋಗಿ, ಕೆರೆಯ ನೀರಿನಲ್ಲಿ ಅದ್ದಿ, ತಣ್ಣಗಾಗುವವರೆಗೆ ಹಿಡಿದು, ಪಂಚೆಯಲ್ಲಿ ಒರೆಸಿ ತಂದು ಹಿಡಿದ. ಮಂಜು ಕೂರಲಿಲ್ಲ. ಮತ್ತೆ ಇಳಿದು ಹೋಗಿ ಅದ್ದಿ ತಂದ. ಹೊತ್ತು ಮುಳುಗುವವರೆಗೂ ಹೀಗೆಯೇ ಇಳಿದು ಹತ್ತಿ, ಇಳಿದು ಹತ್ತಿ ಹಿಡಿಯುತ್ತಲೇ ಇದ್ದ. ಸಾಕು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಸುದ್ದಿ ಕೇಳಿ ಬಂದವನು ಕೆಂಚನಾಯಕ. ಏರಿಯ ತುದಿಯಲ್ಲಿ ಕುದುರೆ ಇಳಿದ, ಪೇಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮುಡಿಬಳೆಯನ್ನು ಪೇಟವಿಲ್ಲದೆ ಹೊರಗೆ ತೋರಿಸುವಂತಿರಲಿಲ್ಲ, ಅದು ಅಪಶಕುನ ಎಂದು ಯಜಮಾನರು ಹೌಹಾರಿದರು. ಅವನು ಕೇಳಲಿಲ್ಲ. ಬರಿದಲೆಯಲ್ಲೇ ನಡೆದುಬಂದು ಸಂಗಯ್ಯನ ಕೈಯಿಂದ ಕನ್ನಡಿಯನ್ನು ಮೆಲ್ಲಗೆ ಬಿಡಿಸಿಕೊಂಡ. ದೊರೆಯೇ ತೆಗೆದ ಮೇಲೆ ಉಳಿದವರು ಇಟ್ಟುಕೊಳ್ಳುವುದೆಂತು? ಅಂದಿನಿಂದ ಈ ಏರಿಯ ಮೇಲೆ ಹೊರೆಯೊಂದನ್ನು ಬಿಟ್ಟು ತಲೆಯ ಮೇಲೆ ಏನೂ ಇಲ್ಲ.

ಮುಡಿಬಳೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನಾಯಕರೂ ಹೋದರು, ಏಳು ಮನೆಗಳಲ್ಲಿ ಈಗ ಗೋಡೆ ಉಳಿದಿರುವುದು ಎರಡಕ್ಕೆ. ಕಲ್ಲುಗಳು ಮಾತ್ರ ಅಲ್ಲೇ ಇವೆ. ಇವೆರಡರಲ್ಲಿ ನಾಯಕನ ಕಲ್ಲು ಯಾವುದು ಎಂದು ಬಂದವರು ಕೇಳುತ್ತಾರೆ. ನನಗೂ ಗೊತ್ತಿಲ್ಲ, ಬಸಲಿಂಗಜ್ಜಿಗೂ ಗೊತ್ತಿರಲಿಲ್ಲ. ಎಲ್ಲಿ ಬೇಕಾದರೂ ಕೂತುಕೊಳ್ಳಿ ಎನ್ನುತ್ತೇನೆ. ಹೊತ್ತಿದ್ದರೆ ಬಸ್ಸು ಹತ್ತುವ ಮೊದಲು ಕೈಮರದ ಎದುರಿನ ಕ್ಷೌರದ ಅಂಗಡಿಯ ಕಡೆಗೂ ಒಮ್ಮೆ ನೋಡಿ. ಅದು ಬಸಲಿಂಗಜ್ಜಿಯ ಮರಿಮಗ ಗುರುಸಿದ್ಧನದು. ಅಂಗಡಿಯ ಒಳಗೇ ನಲ್ಲಿ ಇದೆ, ಆದರೂ ಅವನು ದಿನಾ ಬೆಳಿಗ್ಗೆ ಕೆರೆಗೆ ಹೋಗಿ ಒಂದು ಚೊಂಬು ನೀರು ತಂದು, ಗೋಡೆಗೆ ಹಾಕಿದ ದೊಡ್ಡ ಕನ್ನಡಿಯನ್ನು ಅದರಿಂದ ಒರೆಸಿ, ಆಮೇಲೆಯೇ ಮೊದಲ ಗಿರಾಕಿಯನ್ನು ಕೂರಿಸುತ್ತಾನೆ. ಯಾಕಪ್ಪಾ ಎಂದು ಒಮ್ಮೆ ಕೇಳಿದೆ. ಧೂಳು ಅಜ್ಜಾ, ಅಂದ.